ಋತುಪೂರ್ವ ಶಿಬಿರದ ಕಾಠಿಣ್ಯ ಮತ್ತು ವೃತ್ತಿಪರ ಫುಟ್ಬಾಲ್ ಆಟಗಾರ: ಸಾಕ್ಷ್ಯಗಳ ಪರಿಶೀಲನೆ

2022ರ ಜುಲೈ 11ರಂದು ದಕ್ಷಿಣ ಕೊರಿಯಾದ ಸಿಯೋಲ್ ವಿಶ್ವಕಪ್ ಕ್ರೀಡಾಂಗಣದಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡ ಪ್ರೇಕ್ಷಕರ ಎದುರಿನಲ್ಲೇ ಅಭ್ಯಾಸ ನಡೆಸಿತು. ಬೇಸಿಗೆಯ ಸೆಕೆ ಬೇರೆ. ಚೆಂಡಿನ ಅಭ್ಯಾಸ ಮುಗಿದ ಮೇಲೆ ದೈಹಿಕ ತರಬೇತುದಾರ ಜಾನ್ ಪಿಯೆರೊ ವೆಂಟ್ರೋನೆ ಆಟಗಾರರನ್ನು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿಸತೊಡಗಿದರು. ಪತ್ರಿಕಾ ವರದಿಗಳ ಪ್ರಕಾರ ಈ ಓಟ ನಡೆದದ್ದು 42 ಸಲ. ಹ್ಯಾರಿ ಕೇನ್ ವಾಂತಿ ಮಾಡಿಕೊಂಡರು. ಕೊರಿಯಾದ ಕಣ್ಮಣಿ ಸೋನ್ ಹ್ಯೂಂಗ್-ಮಿನ್ ತವರಿನ ಜನರ ಮುಂದೆಯೇ ಹುಲ್ಲಿನ ಮೇಲೆ ಕುಸಿದುಬಿದ್ದರು. ಆ ದೃಶ್ಯಗಳನ್ನು ಕೆಲವರು ತಂಡದ ಛಲಕ್ಕೆ ಸಾಕ್ಷಿ ಎಂದರು, ಕೆಲವರು ಕ್ರೌರ್ಯ ಎಂದರು. ಎರಡೂ ಗುಂಪಿನವರು ನೋಡಿದ್ದು ಅದೊಂದು ದಿನವನ್ನು. ತೀರ್ಮಾನಕ್ಕೆ ಬೇಕಾದದ್ದು ಅದರ ಮುಂದಿನ ಹತ್ತು ತಿಂಗಳ ಲೆಕ್ಕ.

ಋತು ಆರಂಭವಾಗುವ ಮೊದಲು ಆಟಗಾರರನ್ನು ಒಂದೆಡೆ ಸೇರಿಸಿ ದಿನಕ್ಕೆ ಎರಡು, ಕೆಲವೊಮ್ಮೆ ಮೂರು ಹೊತ್ತು ಮೈ ಹಣ್ಣಾಗುವಂತೆ ದುಡಿಸುವ ಪದ್ಧತಿ ಯುರೋಪಿನ ವೃತ್ತಿಪರ ಫುಟ್ಬಾಲಿನಲ್ಲಿ ಬಹಳ ಹಳೆಯದು. ಅದರಿಂದ ಆಟಗಾರನಿಗೆ ನಿಜಕ್ಕೂ ಲಾಭವಿದೆಯೇ ಎಂಬುದು ಈ ಲೇಖನದ ಪ್ರಶ್ನೆ. ಋತುಪೂರ್ವ ಸಿದ್ಧತೆ ಬೇಕೇಬೇಕು, ಅದೂ ಧಾರಾಳವಾಗಿ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಲಾಭ ಬರುವುದು ಅಭ್ಯಾಸದ ಅವಧಿಗಳ ಸಂಖ್ಯೆಯಿಂದ, ವ್ಯಾಯಾಮಗಳ ಆಯ್ಕೆಯಿಂದ, ಹಂತಹಂತವಾದ ಏರಿಕೆಯಿಂದ. ಆಟಗಾರ ಕುಸಿದು ಬೀಳುವುದು ಆ ಲಾಭಕ್ಕೆ ತೆರಲೇಬೇಕಾದ ಬೆಲೆ ಎಂಬ ನಂಬಿಕೆಗೆ ಲಭ್ಯ ಸಾಕ್ಷ್ಯಗಳಲ್ಲಿ ಆಧಾರ ಕಾಣುವುದಿಲ್ಲ.

ಟಾಟನ್‌ಹ್ಯಾಮ್‌ನ ಲೆಕ್ಕವನ್ನೇ ಮೊದಲು ನೋಡೋಣ. 2022-23ರ ಪ್ರೀಮಿಯರ್ ಲೀಗಿನ ಮೊದಲ ಏಳು ಪಂದ್ಯಗಳಲ್ಲಿ ತಂಡ ಸೋಲಲೇ ಇಲ್ಲ. ಐದು ಗೆಲುವು, ಎರಡು ಡ್ರಾ. ವಾಂತಿ ಮಾಡಿಕೊಂಡ ಕೇನ್ ಆ ಋತುವಿನ 38 ಲೀಗ್ ಪಂದ್ಯಗಳನ್ನೂ ಆಡಿ 30 ಗೋಲು ಹೊಡೆದರು. ಕಠಿಣ ಶಿಬಿರದ ಪರ ವಾದಿಸುವವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆದರೆ ಅದೇ ಸಾಲಿನಲ್ಲಿ ಓಡಿದ ಸೋನ್, ಹಿಂದಿನ ಋತುವಿನಲ್ಲಿ 23 ಗೋಲುಗಳೊಂದಿಗೆ ಅತಿ ಹೆಚ್ಚು ಗೋಲು ಗಳಿಕೆಯ ಗೌರವವನ್ನು ಹಂಚಿಕೊಂಡಿದ್ದವರು, ಈ ಸಲ 10ಕ್ಕೆ ನಿಂತರು. ಹರ್ನಿಯಾದ ನೋವಿನಲ್ಲೇ ಆಡಿ, ಋತು ಮುಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅಕ್ಟೋಬರ್‌ನಲ್ಲಿ ವೆಂಟ್ರೋನೆ ತೀರಿಕೊಂಡರು. ಮಾರ್ಚ್ ಕೊನೆಗೆ ಮುಖ್ಯ ತರಬೇತುದಾರ ಆಂಟೋನಿಯೊ ಕಾಂಟೆ ಹೊರನಡೆದರು. ತಂಡ ಎಂಟನೆಯ ಸ್ಥಾನಕ್ಕೆ ಇಳಿಯಿತು. ಇಲ್ಲಿ ಶಿಬಿರದ ಪಾಲೆಷ್ಟು, ಗಾಯದ ಪಾಲೆಷ್ಟು, ತರಬೇತುದಾರರ ಬದಲಾವಣೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವ ಉಪಾಯವಿಲ್ಲ. ಎರಡೂ ಪಕ್ಷದವರು ತಮಗೆ ಬೇಕಾದ ಸಾಲನ್ನು ಆರಿಸಿಕೊಳ್ಳಬಹುದು. ಬಿಡಿ ಕಥೆಗಳ ಮೇಲೆ ಕಟ್ಟಿದ ವಾದದ ಮೂಲ ದೌರ್ಬಲ್ಯ ಇದೇ.

ಜರ್ಮನಿಯ ಫೆಲಿಕ್ಸ್ ಮಾಗಾತ್ ಅವರ ವೃತ್ತಿಜೀವನ ಈ ದೌರ್ಬಲ್ಯವನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ತೂಕದ ಮೆಡಿಸಿನ್ ಬಾಲ್ ಹೊತ್ತು ಓಡಿಸುವುದಕ್ಕೆ, ಗುಡ್ಡ ಹತ್ತಿಸುವುದಕ್ಕೆ ಹೆಸರಾದವರು ಅವರು. ವೋಲ್ಫ್ಸ್‌ಬುರ್ಗ್ ಕ್ಲಬ್ಬಿನ ಅಭ್ಯಾಸ ಮೈದಾನದಲ್ಲಿ ಅವರು ಕಟ್ಟಿಸಿದ ಮೆಟ್ಟಿಲು ದಿಬ್ಬಕ್ಕೆ ಜನ ಅವರ ಹೆಸರನ್ನೇ ಇಟ್ಟರು. 2008-09ರ ಚಳಿಗಾಲದ ಬಿಡುವಿನ ಹೊತ್ತಿಗೆ ಒಂಬತ್ತನೆಯ ಸ್ಥಾನದಲ್ಲಿದ್ದ ತಂಡ ಬಳಿಕ ಸತತ ಹತ್ತು ಪಂದ್ಯ ಗೆದ್ದು ಬುಂಡೆಸ್‌ಲಿಗಾ ಪ್ರಶಸ್ತಿಯನ್ನೇ ಎತ್ತಿಕೊಂಡಿತು. ಎದುರಾಳಿಗಳು ದಣಿದಾಗ ಇವರು ಓಡುತ್ತಿದ್ದರು, ದಿಬ್ಬದ ಫಲ ಇದು ಎಂದು ಎಲ್ಲರೂ ಬರೆದರು. ಆ ತಂಡದಲ್ಲಿ 28 ಗೋಲು ಹೊಡೆದ ಗ್ರಾಫೀಟೆ, 26 ಗೋಲು ಹೊಡೆದ ಎಡಿನ್ ಜೆಕೊ ಇದ್ದರೆಂಬುದು ಹಿಂದೆ ಸರಿಯಿತು. ಮಾಗಾತ್ 2011ರಲ್ಲಿ ಅದೇ ಕ್ಲಬ್ಬಿಗೆ ಮರಳಿದರು. ಅದೇ ಮನುಷ್ಯ, ಅದೇ ಕಟ್ಟುನಿಟ್ಟು. 2012ರ ಅಕ್ಟೋಬರ್‌ನಲ್ಲಿ ಎಂಟು ಪಂದ್ಯಗಳಿಂದ ಐದೇ ಅಂಕ ಪಡೆದು ತಂಡ ಪಟ್ಟಿಯ ತಳದಲ್ಲಿದ್ದಾಗ ಅವರು ಕ್ಲಬ್ ಬಿಟ್ಟರು. ವಿಧಾನ ಒಂದೇ ಆಗಿದ್ದು ಫಲಿತಾಂಶ ಹೀಗೆ ತದ್ವಿರುದ್ಧವಾದರೆ, ಫಲಿತಾಂಶದ ಕಾರಣವನ್ನು ವಿಧಾನದ ಆಚೆಗೂ ಹುಡುಕಬೇಕಾಗುತ್ತದೆ.

ಇನ್ನೊಂದು ತೊಡಕೂ ಇದೆ. ಕಠಿಣ ಶಿಬಿರವನ್ನು ಹೊಗಳುವ ಮಾತು ನಮಗೆ ತಲುಪುವುದು ಹೆಚ್ಚಾಗಿ ಅದನ್ನು ದಾಟಿ ಗೆದ್ದವರ ಬಾಯಿಂದ. ಶಿಬಿರದ ಎರಡನೆಯ ವಾರದಲ್ಲೇ ಸ್ನಾಯು ಹರಿದುಕೊಂಡು, ಡಿಸೆಂಬರ್ ಹೊತ್ತಿಗೆ ತಂಡದಲ್ಲಿ ಜಾಗ ಕಳೆದುಕೊಂಡವನನ್ನು ಯಾರೂ ಸಂದರ್ಶಿಸುವುದಿಲ್ಲ. ಉಳಿದವರ ಸಾಕ್ಷ್ಯ ಸುಳ್ಳಲ್ಲ. ಆದರೆ ಅದು ಜರಡಿಯ ಮೇಲೆ ಉಳಿದ ಕಾಳಿನ ಸಾಕ್ಷ್ಯ.

ಕಠಿಣ ಶಿಬಿರಕ್ಕೆ ಎದುರು ನಿಲ್ಲಿಸಬಹುದಾದ ಉದಾಹರಣೆ ಲಿವರ್‌ಪೂಲ್‌ನ ಬಿಲ್ ಶ್ಯಾಂಕ್ಲಿಯವರದು. 1959ರ ಡಿಸೆಂಬರ್‌ನಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ರಸ್ತೆಗಳಲ್ಲಿ ಮೈಲುಗಟ್ಟಲೆ ಓಡಿಸುವುದೇ ಇಂಗ್ಲೆಂಡಿನಲ್ಲಿ ವಾಡಿಕೆ. ಶ್ಯಾಂಕ್ಲಿ ಓಟವನ್ನು ಹುಲ್ಲಿನ ಮೇಲೆ ತಂದರು, ಚೆಂಡನ್ನು ಬಿಟ್ಟು ಅಭ್ಯಾಸವಿಲ್ಲ ಎಂದರು, ಮೊದಲ ದಿನಗಳ ಶ್ರಮವನ್ನು ಬೇಕೆಂದೇ ಹಗುರವಾಗಿಟ್ಟರು. ಅವರ ದಿನಚರಿಯಲ್ಲಿ ಎಲ್ಲಕ್ಕಿಂತ ಗಮನಾರ್ಹವಾದದ್ದು ಬಸ್ಸು. ಆಟಗಾರರು ಆನ್‌ಫೀಲ್ಡ್ ಕ್ರೀಡಾಂಗಣದಲ್ಲಿ ಉಡುಪು ಬದಲಿಸಿ ಬಸ್ಸು ಹತ್ತಿ ಮೆಲ್‌ವುಡ್ ಮೈದಾನಕ್ಕೆ ಹೋಗುವರು. ಅಲ್ಲಿ ಚಿಕ್ಕ ಅಂಕಣದಲ್ಲಿ ಐದೈದು ಮಂದಿಯ ಆಟ ಆಡುವರು. ಮುಗಿದೊಡನೆ ಸ್ನಾನಕ್ಕೆ ಓಡದೆ ಅದೇ ಬೆವರಿನಲ್ಲಿ ಬಸ್ಸಿನಲ್ಲಿ ಮರಳುವರು. ಮೈಯ ಕಾವು ತಾನಾಗಿ ಇಳಿದ ಮೇಲೆಯೇ ಸ್ನಾನ, ಊಟ. 1965-66ರಲ್ಲಿ ಈ ತಂಡ 42 ಲೀಗ್ ಪಂದ್ಯಗಳ ಋತುವನ್ನು ಬರೀ 14 ಆಟಗಾರರನ್ನು ಬಳಸಿ ಮುಗಿಸಿ ಚಾಂಪಿಯನ್ ಆಯಿತು. ಇದೂ ಒಂದು ಬಿಡಿ ಕಥೆಯೇ, ಅದರಿಂದ ನಿಯಮ ಹೊರಡಿಸಲು ಬರುವುದಿಲ್ಲ. ಆದರೆ ನರಳದೆ ಗಟ್ಟಿಯಾಗಲು ಸಾಧ್ಯವೇ ಇಲ್ಲ ಎಂಬ ನಂಬಿಕೆಯನ್ನು ಮುರಿಯಲು ಒಂದು ಉದಾಹರಣೆ ಸಾಕು.

ಕಥೆಗಳಿಂದ ಅಂಕಿಗಳಿಗೆ ಬಂದರೆ ಚಿತ್ರ ಹೆಚ್ಚು ತಿಳಿಯಾಗುತ್ತದೆ. ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ 1997ರಿಂದ 1999ರವರೆಗಿನ ಎರಡು ಋತುಗಳಲ್ಲಿ 91 ವೃತ್ತಿಪರ ಕ್ಲಬ್ಬುಗಳ ಗಾಯಗಳನ್ನು ದಾಖಲಿಸಿತು. ಒಟ್ಟು ಗಾಯಗಳಲ್ಲಿ ಶೇ. 17ರಷ್ಟು ಆದದ್ದು ಋತುಪೂರ್ವ ಅವಧಿಯಲ್ಲೇ. ಋತುವಿನ ನಡುವೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಹೆಚ್ಚು ಹರಿದರೆ, ಶಿಬಿರದ ದಿನಗಳಲ್ಲಿ ಹೆಚ್ಚು ಪೆಟ್ಟು ತಿಂದದ್ದು ತೊಡೆಯ ಮುಂಭಾಗದ ಸ್ನಾಯು. ಕಿರಿಯ ಆಟಗಾರರೇ ಹೆಚ್ಚು ಬಳಲಿದರು. ಹಿರಿಯರ ಕಣ್ಣಿಗೆ ಬೀಳಲು ಮೈಮೇಲೆ ಎಚ್ಚರವಿಲ್ಲದೆ ದುಡಿಯುವವರು ಅವರೇ ಎಂಬುದನ್ನು ನೆನೆದರೆ ಇದು ಅಚ್ಚರಿಯೇನಲ್ಲ.

ಹಾಗಾದರೆ ಶಿಬಿರ ಕಡಿಮೆ ಮಾಡೋಣವೇ? ಅಲ್ಲ. ಸ್ವೀಡನ್ನಿನ ವೈದ್ಯ ಯಾನ್ ಎಕ್‌ಸ್ಟ್ರಾಂಡ್ ಮತ್ತು ಸಹೋದ್ಯೋಗಿಗಳು ಯುರೋಪಿನ ಫುಟ್ಬಾಲ್ ಒಕ್ಕೂಟ ಯುಇಎಫ್ಎಗಾಗಿ 2001ರಿಂದ ನಡೆಸಿಕೊಂಡು ಬಂದಿರುವ ಗಾಯಗಳ ಅಧ್ಯಯನದಿಂದ 2020ರಲ್ಲಿ ಒಂದು ಮಹತ್ವದ ವಿಶ್ಲೇಷಣೆ ಹೊರಬಂತು. 44 ಉನ್ನತ ತಂಡಗಳ, ಗರಿಷ್ಠ 15 ಋತುಗಳ ಮಾಹಿತಿ ಅದರಲ್ಲಿದೆ. ತಂಡಗಳು ಋತುವಿಗೆ ಮೊದಲು ನಡೆಸಿದ ಅಭ್ಯಾಸದ ಅವಧಿಗಳು ಸರಾಸರಿ 30. ಕೆಲವೆಡೆ 10, ಕೆಲವೆಡೆ 51. ಹೆಚ್ಚು ಅವಧಿಗಳನ್ನು ನಡೆಸಿದ ತಂಡಗಳಲ್ಲಿ ಋತುವಿನ ನಡುವಿನ ಗಾಯದ ಹೊರೆ ಕಡಿಮೆ, ಪಂದ್ಯಕ್ಕೆ ಸಿಗುವ ಆಟಗಾರರ ಪ್ರಮಾಣ ಹೆಚ್ಚು. ಇದೇ ಮಾಹಿತಿಯನ್ನು ಆಧರಿಸಿದ 2013ರ ಇನ್ನೊಂದು ಅಧ್ಯಯನ, ಗಾಯ ಕಡಿಮೆಯಿರುವ ತಂಡಗಳು ಲೀಗ್ ಪಟ್ಟಿಯಲ್ಲಿ ಮೇಲೆ ನಿಲ್ಲುತ್ತವೆ ಎಂದು ತೋರಿಸಿತ್ತು.

2020ರ ಈ ಫಲಿತಾಂಶವನ್ನು ಕಠಿಣ ಶಿಬಿರದ ಸಮರ್ಥನೆಯಾಗಿ ಓದುವುದು ಸುಲಭ, ಆದರೆ ತಪ್ಪು. ಅಲ್ಲಿ ಎಣಿಸಿದ್ದು ಅವಧಿಗಳ ಸಂಖ್ಯೆಯನ್ನು, ಅವುಗಳ ಕಾಠಿಣ್ಯವನ್ನಲ್ಲ. ಇದಕ್ಕಿಂತ ಮುಖ್ಯವಾಗಿ, ಆಟಗಾರನನ್ನು ಸೋಮವಾರ ನೆಲಕ್ಕೆ ಕೆಡವಿದವನಿಗೆ ಮಂಗಳವಾರ, ಬುಧವಾರದ ಅಭ್ಯಾಸಗಳು ಕೈತಪ್ಪುತ್ತವೆ. ರೂಢಿಯಿಲ್ಲದ ಶ್ರಮದಿಂದಾಗುವ ಸ್ನಾಯುನೋವು ಒಂದರಿಂದ ಮೂರು ದಿನಗಳಲ್ಲಿ ಉತ್ತುಂಗಕ್ಕೇರುತ್ತದೆ. ಸ್ನಾಯುವಿನಲ್ಲಿ ಬರಿದಾದ ಗ್ಲೈಕೋಜನ್ ಮತ್ತೆ ತುಂಬಲು ಒಂದೆರಡು ದಿನ ಬೇಕು. ಅವಧಿಗಳ ಸಂಖ್ಯೆಯೇ ರಕ್ಷೆ ಎನ್ನುವುದಾದರೆ, ಮಿತಿಮೀರಿದ ಒಂದು ಅವಧಿ ಮುಂದಿನ ಮೂರನ್ನು ತಿಂದುಹಾಕಬಾರದು. 2020ರದು ವೀಕ್ಷಣೆಯ ಅಧ್ಯಯನವಾದ್ದರಿಂದ ಇನ್ನೊಂದು ಎಚ್ಚರವೂ ಬೇಕು: ವಾಣಿಜ್ಯ ಪ್ರವಾಸವೆಂದು ಖಂಡದಿಂದ ಖಂಡಕ್ಕೆ ಹಾರುವ ಕ್ಲಬ್ಬಿಗೆ ಅಭ್ಯಾಸದ ದಿನಗಳು ತಾವಾಗಿಯೇ ಕಡಿಮೆಯಾಗುತ್ತವೆ, ಪ್ರಯಾಣದ ದಣಿವೂ ಸೇರುತ್ತದೆ.

ಸಿದ್ಧತೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫುಟ್ಬಾಲ್ ಉತ್ತರ ಕೊಟ್ಟಿದೆ. ಅದು ಬೇರೆಯೇ ಆಟ, ಆದರೂ ಸ್ನಾಯುರಜ್ಜುಗಳ ನಿಯಮ ಒಂದೇ. 2011ರ ಮಾರ್ಚ್‌ನಿಂದ ಜುಲೈವರೆಗೆ ಮಾಲೀಕರು ಮತ್ತು ಆಟಗಾರರ ವಿವಾದದಿಂದ ಎನ್ಎಫ್ಎಲ್ ಲೀಗಿಗೆ ಬೀಗ ಬಿದ್ದಿತ್ತು. ಕ್ಲಬ್ಬಿನ ವೈದ್ಯರು, ತರಬೇತುದಾರರ ನೆರವಿಲ್ಲದೆ ತಿಂಗಳುಗಟ್ಟಲೆ ಕಳೆದ ಆಟಗಾರರು ಏಕಾಏಕಿ ಶಿಬಿರಕ್ಕೆ ಬಂದರು. ಮೊದಲ 12 ದಿನಗಳಲ್ಲಿ ಹತ್ತು ಮಂದಿಗೆ ಹಿಮ್ಮಡಿಯ ಆಕಿಲಿಸ್ ರಜ್ಜುವಿನ ಗಾಯವಾಯಿತು, ಮುಂದಿನ 17 ದಿನಗಳಲ್ಲಿ ಇನ್ನಿಬ್ಬರಿಗೆ. ಅದೇ ಲೀಗಿನಲ್ಲಿ ಹತ್ತು ವರ್ಷ ಹಿಂದೆ, 2001ರ ಜುಲೈ 31ರಂದು, ಮಿನ್ನೆಸೋಟ ವೈಕಿಂಗ್ಸ್ ತಂಡದ 27 ವರ್ಷದ ಕೋರಿ ಸ್ಟ್ರಿಂಗರ್ ಶಿಬಿರದ ಬಿಸಿಲಿನಲ್ಲಿ ಕುಸಿದು ಮರುದಿನ ಉಷ್ಣಾಘಾತದಿಂದ ತೀರಿಕೊಂಡಿದ್ದರು. ಮೈ ಬಿಸಿಲಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ದಿನಗಳನ್ನು ಕೊಡದೆ ಮನೋಬಲದಿಂದ ಬಿಸಿಲನ್ನು ಗೆಲ್ಲಲಾಗದು. 2011ರ ಒಪ್ಪಂದದಲ್ಲಿ ಲೀಗ್, ಕವಚ ತೊಟ್ಟು ದಿನಕ್ಕೆರಡು ಹೊತ್ತು ನಡೆಸುವ ಅಭ್ಯಾಸವನ್ನು ಕೈಬಿಟ್ಟಿತು.

ಹೆಚ್ಚುಕಡಿಮೆ ನಾಲ್ಕು ವಾರ ಅಭ್ಯಾಸ ನಿಂತರೆ ಚೆನ್ನಾಗಿ ಪಳಗಿದ ಕ್ರೀಡಾಪಟುವಿನ ಗರಿಷ್ಠ ಆಮ್ಲಜನಕ ಬಳಕೆ ಶೇ. 4ರಿಂದ 14ರವರೆಗೆ ಕುಸಿಯಬಹುದು. ಈ ನಷ್ಟವನ್ನು ತುಂಬಲು ಎಷ್ಟು ಶ್ರಮ ಬೇಕು? ನಾರ್ವೆಯ ಯಾನ್ ಹೆಲ್ಗರುಡ್ ಮತ್ತು ಸಂಗಡಿಗರ 2001ರ ಪ್ರಯೋಗ ಇದಕ್ಕೆ ಒಳ್ಳೆಯ ಸುಳಿವು ಕೊಡುತ್ತದೆ. ಕಿರಿಯ ಉನ್ನತ ದರ್ಜೆಯ ಆಟಗಾರರು ವಾರಕ್ಕೆ ಎರಡು ಸಲ, ಎಂಟು ವಾರ, ಗರಿಷ್ಠ ಹೃದಯಬಡಿತದ ಶೇ. 90-95ರ ಮಟ್ಟದಲ್ಲಿ ನಾಲ್ಕು ನಿಮಿಷದ ನಾಲ್ಕು ಓಟ ಓಡಿದರು. ನಡುನಡುವೆ ಮೂರು ನಿಮಿಷದ ನಿಧಾನ ಓಟ. ಆಮ್ಲಜನಕ ಬಳಕೆ ಕಿಲೋ ತೂಕಕ್ಕೆ ನಿಮಿಷಕ್ಕೆ 58.1ರಿಂದ 64.3 ಮಿಲಿಲೀಟರಿಗೆ ಏರಿತು, ಪಂದ್ಯದಲ್ಲಿ ಓಡಿದ ದೂರ ಶೇ. 20ರಷ್ಟು ಹೆಚ್ಚಿತು. ಹದಿನಾರು ನಿಮಿಷದ ಆ ಓಟ ಸುಲಭದ್ದಲ್ಲ, ಎದೆ ಉರಿಯುತ್ತದೆ. ಆದರೆ ಅದಕ್ಕೊಂದು ಅಳತೆಯಿದೆ, ನಿಲ್ಲಿಸುವ ಗಳಿಗೆಯಿದೆ.

ಡೆನ್ಮಾರ್ಕಿನ 50 ತಂಡಗಳ 942 ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದ್ದೂ ಇದೇ ದಾರಿ. ಅಲ್ಲಿ ಬಳಸಿದ್ದು ‘ನಾರ್ಡಿಕ್’ ಎಂದು ಹೆಸರಾದ ಒಂದೇ ವ್ಯಾಯಾಮ. ಆಟಗಾರ ಮಂಡಿಯೂರಿ ನೆಟ್ಟಗೆ ಕೂರುತ್ತಾನೆ, ಜೊತೆಗಾರ ಹಿಂದಿನಿಂದ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾನೆ. ಆಟಗಾರ ಸೊಂಟ ಬಗ್ಗಿಸದೆ ಇಡೀ ಮೈಯನ್ನು ಮುಂದಕ್ಕೆ ಬಾಗಿಸುತ್ತ, ಬೀಳುವ ವೇಗವನ್ನು ತೊಡೆಯ ಹಿಂಭಾಗದ ಬಲದಿಂದಲೇ ತಡೆಯುತ್ತ ಹೋಗಿ ಕೊನೆಗೆ ಅಂಗೈಗಳ ಮೇಲೆ ಇಳಿಯುತ್ತಾನೆ. ಮೊದಲ ವಾರ ಒಂದೇ ದಿನ, ಐದರಂತೆ ಎರಡು ಸುತ್ತು. ಎರಡನೆಯ ವಾರ ಎರಡು ದಿನ, ಆಮೇಲೆ ಮೂರು ದಿನ, ಐದನೆಯ ವಾರದಿಂದ ಪೂರ್ಣ ಪ್ರಮಾಣ. ಹತ್ತು ವಾರಗಳಲ್ಲಿ ಒಟ್ಟು 27 ಅವಧಿ. ಈ ವ್ಯಾಯಾಮ ಮಾಡಿದ ಗುಂಪಿನಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು 15, ಮಾಡದ ಗುಂಪಿನಲ್ಲಿ 52. ಮೊದಲ ದಿನವೇ ಪೂರ್ಣ ಪ್ರಮಾಣ ಹೇರಿದ್ದರೆ ನಡೆಯಲಾಗದಷ್ಟು ನೋವು ಬಂದು ಹಲವರು ವ್ಯಾಯಾಮವನ್ನೇ ಬಿಡುತ್ತಿದ್ದರೇನೋ. ಹಂತಹಂತವಾಗಿ ಏರಿಸಿದ್ದೇ ಇಲ್ಲಿನ ಗುಟ್ಟು ಎಂದು ನಾನು ಓದುತ್ತೇನೆ.

ಒಂದು ವಾದವನ್ನು ಮಾತ್ರ ಅಂಕಿಗಳಿಂದ ತಳ್ಳಿಹಾಕಲಾಗದು. ಒಟ್ಟಿಗೆ ಕಷ್ಟಪಟ್ಟವರು ಒಟ್ಟಿಗೆ ನಿಲ್ಲುತ್ತಾರೆ ಎಂಬುದು ತರಬೇತುದಾರರ ಅನುಭವದ ಮಾತು. ಅದಕ್ಕೆ ಬೆಲೆಯಿದೆ. ಯುರ್ಗನ್ ಕ್ಲಾಪ್ 2004ರಲ್ಲಿ ಬುಂಡೆಸ್‌ಲಿಗಾಕ್ಕೆ ಬಡ್ತಿ ಪಡೆದ ತಮ್ಮ ಮೈಂಜ್ ತಂಡವನ್ನು ಸ್ವೀಡನ್ನಿನ ಸರೋವರವೊಂದರ ಬಳಿಗೆ ಕರೆದೊಯ್ದು, ವಿದ್ಯುತ್ತಿಲ್ಲದೆ, ಊಟವನ್ನು ತಾವೇ ಹುಡುಕಿಕೊಳ್ಳುವಂತೆ ಕೆಲವು ದಿನ ಇರಿಸಿದರು. ಆ ಋತುವಿನಲ್ಲಿ ತಂಡ ಹನ್ನೊಂದನೆಯದಾಗಿ ಉಳಿದುಕೊಂಡಿತು. ಅಲ್ಲಿ ಆಟಗಾರರನ್ನು ಬೆಸೆದದ್ದು ಚಳಿ, ಹಸಿವು, ಪರಸ್ಪರ ಅವಲಂಬನೆ. ಒಗ್ಗಟ್ಟು ಬೇಕಿದ್ದರೆ ಸ್ನಾಯು ಹರಿಯುವ ಓಟವೇ ಆಗಬೇಕೆಂದಿಲ್ಲ ಎಂಬುದಕ್ಕೆ ಕ್ಲಾಪ್ ಅವರ ಈ ಶಿಬಿರವೇ ಸಾಕ್ಷಿ.

ಈ ಚರ್ಚೆ ನಮಗೆ ದೂರದ್ದಲ್ಲ. ಬೆಂಗಳೂರು ಎಫ್‌ಸಿ ತನ್ನ ಋತುಪೂರ್ವ ಅಭ್ಯಾಸಕ್ಕೆ ಬಳ್ಳಾರಿ ಸೀಮೆಯ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯನ್ನು ಬಳಸಿಕೊಂಡಿದೆ. ಅಲ್ಲಿನ ಬಿಸಿಲು ಸಿಯೋಲ್‌ಗಿಂತ ಕಡಿಮೆ ಕಾಡುವಂಥದಲ್ಲ. ಬಿಡುವಿನ ಪ್ರಶ್ನೆಯಂತೂ ನಮ್ಮಲ್ಲಿ ಹೆಚ್ಚು ಗಂಭೀರ. 2023ರಲ್ಲಿ ಈ ತಂಡ ಸೂಪರ್ ಕಪ್ ಫೈನಲ್ ಆಡಿದ್ದು ಏಪ್ರಿಲ್ 25ರಂದು; ಮುಂದಿನ ಇಂಡಿಯನ್ ಸೂಪರ್ ಲೀಗ್ ಪಂದ್ಯ ಕೊಚ್ಚಿಯಲ್ಲಿ ಸೆಪ್ಟೆಂಬರ್ 21ರಂದು. ಯುರೋಪಿನ ಆಟಗಾರ ಕೆಲವೇ ವಾರಗಳ ರಜೆ ಮುಗಿಸಿ ಬರುತ್ತಾನೆ, ನಮ್ಮವನಿಗೆ ಎರಡು ಲೀಗ್‌ಗಳ ನಡುವೆ ತಿಂಗಳುಗಳೇ ಉರುಳುತ್ತವೆ. ಹೀಗಿರುವಾಗ ಅಲ್ಲಿನ ಶಿಬಿರದ ವೇಳಾಪಟ್ಟಿಯನ್ನು ಹಾಗೆಯೇ ಇಲ್ಲಿಗೆ ತಂದು ಹೇರುವುದು ಅಪಾಯ. ನಮ್ಮ ಶಿಬಿರಗಳು ಹೆಚ್ಚು ದೀರ್ಘವಾಗಿರಬೇಕು, ಮೊದಲ ಎರಡು ವಾರ ಹೆಚ್ಚು ಹಗುರವಾಗಿರಬೇಕು.

ಲೀಗಿನ ಕ್ಲಬ್ಬುಗಳು ಪ್ರತಿ ಶಿಬಿರದ ಅವಧಿಗಳನ್ನೂ, ಅಂದಿನ ಉಷ್ಣಾಂಶ ಮತ್ತು ಆರ್ದ್ರತೆಯನ್ನೂ, ಪ್ರತಿ ಗಾಯವನ್ನೂ ಯುಇಎಫ್ಎ ಮಾದರಿಯಲ್ಲಿ ಒಂದೇ ನಮೂನೆಯಲ್ಲಿ ಬರೆದಿಡಲಿ; ಆಟಗಾರರ ಹೆಸರು ತೆಗೆದು ಆ ಮಾಹಿತಿಯನ್ನು ನಮ್ಮ ವಿಶ್ವವಿದ್ಯಾಲಯಗಳ ದೈಹಿಕ ಶಿಕ್ಷಣ ಮತ್ತು ಕ್ರೀಡಾ ವೈದ್ಯಕೀಯ ವಿಭಾಗಗಳಿಗೆ ಕೊಡಲಿ.