ಲಾಕಪ್ಪಿಗೆ ಡಾಕ್ಟರು ಯಾಕೆ ಬರಲಿಲ್ಲ?

ಈ ದೇಶದ ಜೈಲಿಗೆ ಡಾಕ್ಟರು ಬಂದು ನೂರು ವರ್ಷ ದಾಟಿತು. ಪೊಲೀಸ್ ಠಾಣೆಗೆ ಇನ್ನೂ ಬಂದಿಲ್ಲ. 1894ರ ಬಂದೀಖಾನೆ ಕಾಯ್ದೆ ಪ್ರತಿ ಜೈಲಿಗೂ ಒಬ್ಬ ವೈದ್ಯಾಧಿಕಾರಿ ಇರಬೇಕು ಅಂತ ಬರೆದಿಟ್ಟಿತು. ಅದಕ್ಕಿಂತ ಹಳೆಯದಾದ 1861ರ ಪೊಲೀಸ್ ಕಾಯ್ದೆ ಲಾಠಿ, ಸಮವಸ್ತ್ರ, ಸಂಬಳ, ಶಿಕ್ಷೆ ಎಲ್ಲದರ ಬಗ್ಗೆ ಮಾತಾಡಿತು. ಲಾಕಪ್ಪಿಗೊಬ್ಬ ಡಾಕ್ಟರು ಬೇಕು ಅನ್ನಲಿಲ್ಲ. ಶಿಕ್ಷೆಯಾದವನಿಗೆ ಔಷಧಿ ಉಂಟು, ಇನ್ನೂ ತಪ್ಪೇ ಸಾಬೀತಾಗದವನಿಗೆ ಇಲ್ಲ. ಈ ವಿಚಿತ್ರ ಹೇಗೆ ಹುಟ್ಟಿತು ಅನ್ನೋದನ್ನ ನಾವು ತಿಳಿಯಬೇಕು. ಯಾಕಂದ್ರೆ ಮೊದಲು ಠಾಣೆಗೆ ಎಳೆದೊಯ್ಯೋದು ನಮ್ಮ ಕೇರಿಯವರನ್ನೇ.

ಹರಿಹರದ ಹೊಳೆ ದಾಟಿದರೆ ಆಗ ಬಳ್ಳಾರಿ ಜಿಲ್ಲೆ, ಹರಪನಹಳ್ಳಿ ಸೀಮೆ. ಅದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಸುವುದಕ್ಕೂ ಒಂದೇ ವಿದ್ಯೆ: ಹಿಂಸೆ. ಬೆರಳುಗಳನ್ನು ಮರದ ಇಕ್ಕಳದಲ್ಲಿಟ್ಟು ಹಿಚುಕುವ ‘ಕಿಟ್ಟಿ’, ಮನುಷ್ಯನನ್ನು ಬಗ್ಗಿಸಿ ತಲೆಯನ್ನು ಕಾಲಿಗೆ ಬಿಗಿಯುವ ‘ಅಣ್ಣಂದಾಳು’, ಕಣ್ಣಿಗೆ ಮೆಣಸಿನಪುಡಿ. ಇದನ್ನೆಲ್ಲ ನಾವು ಕಟ್ಟಿ ಹೇಳುತ್ತಿಲ್ಲ. ಸರ್ಕಾರವೇ ನೇಮಿಸಿದ ಮದರಾಸು ಹಿಂಸಾ ತನಿಖಾ ಆಯೋಗ 1855ರ ತನ್ನ ವರದಿಯಲ್ಲಿ ಬರೆದುಕೊಂಡದ್ದು. ಮೂರೇ ತಿಂಗಳಲ್ಲಿ ಅದರ ಮುಂದೆ 1,959 ದೂರುಗಳು ಬಂದವು. ಎರಡು ವರ್ಷದ ನಂತರ, 1857ರಲ್ಲಿ, ಕಾರ್ಲ್ ಮಾರ್ಕ್ಸ್ ಆ ವರದಿ ಹಿಡಿದು ಅಮೆರಿಕದ ಪತ್ರಿಕೆಯೊಂದಕ್ಕೆ ಲೇಖನ ಬರೆದರು.

ವರದಿಯಿಂದ ನಾಚಿದ ಬ್ರಿಟಿಷರು ಏನು ಮಾಡಿದರು? ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪು ಕೋರ್ಟಿನಲ್ಲಿ ನಡೆಯೋದಿಲ್ಲ ಅಂದರು. ಅದೇ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಾಗಿ ಉಳಿಯಿತು. ಒಳ್ಳೆಯ ಕಲಮೇ. ಆದರೆ ಅದು ಕಾಪಾಡಿದ್ದು ಕೋರ್ಟಿನ ಮರ್ಯಾದೆಯನ್ನ. ಏಟು ತಿಂದ ಮೈಯನ್ನು ಯಾರು ನೋಡಬೇಕು ಅನ್ನೋ ಪ್ರಶ್ನೆ ಹಾಗೇ ಉಳಿಯಿತು. ಸ್ವಾತಂತ್ರ್ಯ ಬಂತು, ಅದೇ ಠಾಣೆ, ಅದೇ ಕತ್ತಲೆಕೋಣೆ ನಮ್ಮ ಪಾಲಿಗೆ ಬಂತು.

ದಾವಣಗೆರೆಗೂ ಈ ಚರಿತ್ರೆಯಲ್ಲಿ ಒಂದು ಪುಟ ಉಂಟು. ತುರ್ತುಪರಿಸ್ಥಿತಿಯ ಕಾಲ. 1976ರ ಮೇ 1ರಂದು ಬೆಂಗಳೂರಿನಲ್ಲಿ ಲಾರೆನ್ಸ್ ಫರ್ನಾಂಡಿಸರನ್ನು ಪೊಲೀಸರು ಹಿಡಿದರು. ಅಣ್ಣ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾನೆ ಹೇಳು ಅಂತ ಬಡಿದರು. ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದು ಮಗನಿಗಾದ ಹಿಂಸೆಯನ್ನೆಲ್ಲ ಬಿಚ್ಚಿಟ್ಟರು. ನಡೆಯಲಾರದ ಆ ಮನುಷ್ಯನನ್ನು ಕಾರಿನಲ್ಲಿ ದಾವಣಗೆರೆಗೆ ತಂದು ಇಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ್ದರು. ಅಷ್ಟು ಹೊತ್ತಿಗೆ 1973ರ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದು ಎರಡು ವರ್ಷವಾಗಿತ್ತು. ಬಂಧಿತ ಕೇಳಿಕೊಂಡರೆ ವೈದ್ಯರಿಂದ ಮೈ ಪರೀಕ್ಷೆ ಮಾಡಿಸಬೇಕು ಅಂತ ಅದರ 54ನೇ ಕಲಮು ಹೇಳುತ್ತಿತ್ತು. ಆದರೆ ‘ಕೇಳಿಕೊಂಡರೆ’! ಪಕ್ಕದಲ್ಲಿ ಹೊಡೆದವನೇ ನಿಂತಿರುವಾಗ ಯಾರು ಕೇಳ್ತಾರೆ? ಓದಿದವರ ಮನೆಯ, ದೇಶವೇ ಬಲ್ಲ ನಾಯಕನ ತಮ್ಮನ ಗತಿಯೇ ಹೀಗಾದರೆ, ಹೆಬ್ಬೆಟ್ಟಿನ ಕೂಲಿಯವನ ಗತಿ ಏನು? ಅವನ ತಾಯಿಗೆ ರಾಷ್ಟ್ರಪತಿಯ ವಿಳಾಸ ಗೊತ್ತಿರುತ್ತದೆಯೇ?

ಡಾಕ್ಟರು ಇದ್ದುಬಿಟ್ಟರೆ ಸಾಕೇ? ಸಾಲದು. ಅದೇ ವರ್ಷ ‘ಸಂಸ್ಕಾರ’ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿದ್ದರು. ಆಕೆಗೆ ಉಬ್ಬಸ. ಜೈಲು ಅಂದಮೇಲೆ ಕಾಯ್ದೆಯ ಪ್ರಕಾರ ಡಾಕ್ಟರೂ ಉಂಟು. ಆದರೂ ಉಸಿರು ಪೂರ್ತಿ ಸೋತ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಜನವರಿ 20ಕ್ಕೆ ಆಕೆ ತೀರಿಕೊಂಡರು.

ಅದೇ 1977ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕರಿಯರ ನಾಯಕ ಸ್ಟೀವ್ ಬೀಕೊ ಪೊಲೀಸರ ವಶದಲ್ಲಿ ತಲೆಗೆ ಪೆಟ್ಟು ಬಿದ್ದು ಒದ್ದಾಡುತ್ತಿದ್ದರು. ಅಲ್ಲಿ ಡಾಕ್ಟರು ಬಂದಿದ್ದರು, ಒಬ್ಬರಲ್ಲ ಇಬ್ಬರು: ಲ್ಯಾಂಗ್ ಮತ್ತು ಟಕರ್. ಏನೂ ದೋಷ ಕಾಣಲಿಲ್ಲ ಅಂತ ಲ್ಯಾಂಗ್ ಸರ್ಟಿಫಿಕೇಟು ಬರೆದುಕೊಟ್ಟರು. ಪೊಲೀಸರು ಬೀಕೊನನ್ನು ಬೆತ್ತಲೆ ಜೀಪಿನೊಳಗೆ ಹಾಕಿ ಸಾವಿರಕ್ಕೂ ಹೆಚ್ಚು ಕಿಲೋಮೀಟರು ಸಾಗಿಸಿದರು. ಸೆಪ್ಟೆಂಬರ್ 12ರಂದು ಬೀಕೊ ಸತ್ತರು. ಟಕರ್ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಲು 1985ರ ತನಕ ಕಾಯಬೇಕಾಯಿತು. ಡಾಕ್ಟರು ಯಾರ ಮಾತಿಗೆ ತಲೆಬಾಗುತ್ತಾನೆ ಅನ್ನೋದೇ ಇಲ್ಲಿ ಮುಖ್ಯ.

ನಮ್ಮ ಸುಪ್ರೀಂ ಕೋರ್ಟಿಗೂ ಇದು ಹೊಳೆಯಿತು. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಲಾಕಪ್ ಸಾವುಗಳ ಬಗ್ಗೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು, 1996ರ ಡಿಸೆಂಬರ್ 18ರಂದು ಹನ್ನೊಂದು ಕಟ್ಟಳೆ ವಿಧಿಸಿತು. ಹಿಡಿದಾಗಲೇ ಮೈಮೇಲಿನ ಗಾಯ ಬರೆದಿಡಬೇಕು. ವಶದಲ್ಲಿರುವ ತನಕ 48 ಗಂಟೆಗೊಮ್ಮೆ ಡಾಕ್ಟರು ನೋಡಬೇಕು. ಆ ಡಾಕ್ಟರ ಪಟ್ಟಿಯನ್ನು ಆರೋಗ್ಯ ಇಲಾಖೆಯ ನಿರ್ದೇಶಕರು ಮಾಡಬೇಕು. ಪೊಲೀಸರು ಮಾಡುವಂತಿಲ್ಲ. 2009ರಿಂದ ಕೇಳಲಿ ಬಿಡಲಿ, ಬಂಧನವಾದ ಕೂಡಲೆ ಸರ್ಕಾರಿ ಡಾಕ್ಟರು ಪರೀಕ್ಷೆ ಮಾಡಲೇಬೇಕು ಅಂತ ಕಾನೂನು ತಿದ್ದುಪಡಿಯಾಯಿತು. ಬಂಧಿತನ ಆರೋಗ್ಯದ ಹೊಣೆ ಹಿಡಿದಿಟ್ಟವನದೇ ಅಂತಲೂ ಆಯಿತು. 2024ರ ಜುಲೈ 1ರಿಂದ ಇವು ನಾಗರಿಕ ಸುರಕ್ಷಾ ಸಂಹಿತೆಯ 53 ಮತ್ತು 56ನೇ ಕಲಮುಗಳು.

ಕಾಗದದ ಮೇಲೆ ಎಲ್ಲ ಐತಿ. ಠಾಣೆಯಲ್ಲಿ? 2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ, ನೀರು ಕೇಳಿದ ತನಗೆ ಮೂತ್ರ ನೆಕ್ಕಿಸಿದರು ಅಂತ ದಲಿತ ಹುಡುಗನೊಬ್ಬ ದೂರು ಕೊಟ್ಟ. ಸಬ್ ಇನ್ಸ್‌ಪೆಕ್ಟರ್ ಅಮಾನತಾಗಿ ಆಮೇಲೆ ಬಂಧನವೂ ಆಯಿತು. ನೀರಿಗೇ ಗತಿಯಿಲ್ಲದ ಕಡೆ ಔಷಧಿಯ ಮಾತೆಲ್ಲಿ?

2024ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚನ್ನಗಿರಿ ಠಾಣೆಗೆ ಮಟ್ಕಾ ವಿಚಾರದಲ್ಲಿ ಕರೆತಂದ ಯುವಕನೊಬ್ಬ ಸತ್ತ. ಜನ ರೊಚ್ಚಿಗೆದ್ದು ಠಾಣೆಗೆ ಕಲ್ಲು ತೂರಿದರು. ಡಿವೈಎಸ್ಪಿ, ಇನ್ಸ್‌ಪೆಕ್ಟರು ಅಮಾನತಾದರು. ಠಾಣೆಯಲ್ಲಿ ಇದ್ದದ್ದು ಕೆಲವೇ ನಿಮಿಷ, ಬಿ.ಪಿ. ಕಡಿಮೆಯಾಯಿತು ಅಂದರು ಪೊಲೀಸರು. ಲಾಕಪ್ ಸಾವಲ್ಲ, ಮೂರ್ಛೆ ಬಂದಿತ್ತು ಅಂದರು ಮುಖ್ಯಮಂತ್ರಿ. ಆಗಲಿ, ಮೂರ್ಛೆಯೇ ಇರಲಿ. ಹಾಗಿದ್ದರೆ ನಮ್ಮ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ. ಮೂರ್ಛೆ ಬಂದವನನ್ನು ಮಗ್ಗುಲಾಗಿಸಿ ಮಲಗಿಸಲು ಬಲ್ಲ ಒಬ್ಬ ನರ್ಸು ಆ ಠಾಣೆಯಲ್ಲಿ ಇದ್ದಳೇ? ಹೊಡೆತದಿಂದ ಸತ್ತರೆ ಕೊಲೆ ಅಂತೀವಿ. ಔಷಧಿಯಿಲ್ಲದೆ ಸತ್ತರೆ ಹಣೆಬರಹ ಅಂತ ಸುಮ್ಮನಾಗಬೇಕೆ?

ಇಂಗ್ಲೆಂಡಿನಲ್ಲಿ ಠಾಣೆಯ ಲಾಕಪ್ಪಿಗೇ ನರ್ಸು, ಪ್ಯಾರಾಮೆಡಿಕ್ಕು ಬರುತ್ತಾರೆ. ಅವರನ್ನು ಕಳಿಸುವ ಕೆಲಸವನ್ನು ಅಲ್ಲಿನ ಪೊಲೀಸರು ಹಲವು ಕಡೆ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿದ್ದಾರೆ. ನಮ್ಮಲ್ಲೂ ನಾಳೆ ಯಾರಾದರೂ ಅದನ್ನೇ ಸುಲಭದ ದಾರಿ ಅಂತ ತಂದಾರು. ಈಗಾಗಲೇ ಎಲ್ಲವೂ ಗುತ್ತಿಗೆ ತಾನೆ. ಗುತ್ತಿಗೆ ಅಂದರೇನು ಅಂತ ನಮಗೆ ಪುಸ್ತಕ ಓದಿ ತಿಳಿಯಬೇಕಿಲ್ಲ. ಊರಿನ ಚರಂಡಿ ಬಳಿಯುವ ನಮ್ಮ ಅಕ್ಕತಂಗಿಯರು ಗುತ್ತಿಗೆಯಲ್ಲಿ ಬೆಂದವರು. ಬಾಯಿ ತೆಗೆದರೆ ನಾಳೆ ಕೆಲಸವಿಲ್ಲ. ಪೊಲೀಸರೇ ಬಿಲ್ಲು ಕೊಡುವ ಕಂಪನಿಯ ನರ್ಸು ಬೆನ್ನಮೇಲಿನ ಬಾಸುಂಡೆಯನ್ನು ಬಾಸುಂಡೆ ಅಂತ ಬರೆದಾಳೆ? ಬರೆದರೆ ಮುಂದಿನ ವರ್ಷ ಗುತ್ತಿಗೆ ಉಳಿದೀತೆ?

ಆದ್ದರಿಂದ ಡಾಕ್ಟರು ಠಾಣೆಗೇ ಬರಲಿ, ಸಂಬಳ ಆರೋಗ್ಯ ಇಲಾಖೆಯಿಂದ ಬರಲಿ, ವರದಿ ನೇರ ಮ್ಯಾಜಿಸ್ಟ್ರೇಟರಿಗೆ ಹೋಗಲಿ. ಇದು ನಮ್ಮ ಬೇಡಿಕೆ. ಹದಡಿಯಲ್ಲಿ ಠಾಣೆ ಐತಿ. ಅಲ್ಲಿ ನಡುರಾತ್ರಿ ಒಬ್ಬನಿಗೆ ಎದೆನೋವು ಬಂದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಕರೆದೊಯ್ಯಬೇಕೋ ಬೇಡವೋ ಅಂತ ತೀರ್ಮಾನಿಸೋದು ಪಹರೆಯ ಪೇದೆ. ಅವನಿಗೆ ಆ ವಿದ್ಯೆ ಯಾರೂ ಕಲಿಸಿಲ್ಲ.

ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ಸಂಘರ್ಷ ಸಮಿತಿ ಕಲಿಸಿದ ಮೊದಲ ಪಾಠ: ಠಾಣೆಯ ಮೆಟ್ಟಿಲು ಹತ್ತೋದಕ್ಕೆ ಹೆದರಬೇಡ. ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, ಕೇರಿಯಿಂದ ಯಾರನ್ನಾದರೂ ಕರ್ಕೊಂಡು ಹೋದರೆ ನಾಲ್ಕು ಜನ ಜೊತೆಗೂಡಿ ಹೋಗಿ. ಅವನಿಗಿರುವ ರೋಗ, ನುಂಗುವ ಮಾತ್ರೆಯ ಹೆಸರು ಚೀಟಿಯಲ್ಲಿ ಬರೆದುಕೊಟ್ಟು ಸ್ವೀಕೃತಿ ಕೇಳಿ. ವೈದ್ಯಕೀಯ ವರದಿಯ ಒಂದು ಪ್ರತಿ ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಸಿಗಲೇಬೇಕು. ಅದನ್ನು ಕೇಳಿ ತನ್ನಿ. ಹೆಣ್ಣುಮಗಳಾದರೆ ಮಹಿಳಾ ಡಾಕ್ಟರೇ ನೋಡಬೇಕು, ಇಲ್ಲವೇ ಅವರ ಉಸ್ತುವಾರಿಯಲ್ಲಿ ನಡೆಯಬೇಕು ಅಂತ ಹಟ ಹಿಡಿಯಿರಿ. ಕೊಡೋದಿಲ್ಲ ಅಂದರೆ, ಯಾರು, ಎಷ್ಟು ಗಂಟೆಗೆ ಹಾಗಂದರು ಅಂತ ಬರೆದಿಡಿ. ಆ ಹಿಂಸಾ ಆಯೋಗದ ಮುಂದೆ 1,959 ದೂರು ಕೊಟ್ಟವರಲ್ಲಿ ಅಕ್ಷರ ಬಲ್ಲವರು ಎಷ್ಟಿದ್ದಾರು? ನಮ್ಮ ಕೈಯಲ್ಲಿ ಈಗ ಪೆನ್ನು ಐತಿ.