ಜಮೀನ್ದಾರರ ಹಣ, ರೈತನ ಮತ: ‘ರೈತುಬಿಡ್ಡ’ ಚಿತ್ರದ ಪ್ರಚಾರ ರಾಜಕಾರಣ

ಪ್ರಚಾರಚಿತ್ರವೆಂದರೆ ಹಣ ಹಾಕಿದವರ ಮಾತು ಎಂಬುದು ರೂಢಿಯ ತಿಳಿವಳಿಕೆ. ಗೂಡವಲ್ಲಿ ರಾಮಬ್ರಹ್ಮಂ 1939ರಲ್ಲಿ ನಿರ್ದೇಶಿಸಿದ ತೆಲುಗು ಚಿತ್ರ ‘ರೈತುಬಿಡ್ಡ’ ಈ ಅಳತೆಗೆ ಒಗ್ಗುವುದಿಲ್ಲ. ಜಮೀನ್ದಾರಿಯನ್ನು ಖಂಡಿಸುವ ಈ ಚಿತ್ರವನ್ನು ತಯಾರಿಸಿದ ಸಾರಥಿ ಫಿಲ್ಮ್ಸ್‌ನ ಬೆನ್ನಿಗಿದ್ದವರು ಸ್ವತಃ ಜಮೀನ್ದಾರರು: ಕೃಷ್ಣಾ ಜಿಲ್ಲೆಯ ಚಲ್ಲಪಲ್ಲಿಯ ಯಾರ್ಲಗಡ್ಡ ಶಿವರಾಮಪ್ರಸಾದ್.

ಇದು ಸಾಕ್ಷ್ಯಚಿತ್ರವಲ್ಲ, ಆದರೆ ಕಥೆಯನ್ನು ಆ ದಿನಗಳ ಸುದ್ದಿಯಿಂದಲೇ ಎತ್ತಿಕೊಳ್ಳಲಾಗಿದೆ. ಸಣ್ಣ ಹಿಡುವಳಿಯ ನರಸಿರೆಡ್ಡಿ ಜಮೀನ್ದಾರರ ಅಭ್ಯರ್ಥಿಗೆ ಮತ ಹಾಕಲೊಲ್ಲದೆ ರೈತರ ಅಭ್ಯರ್ಥಿಯ ಪರ ನಿಂತು ಕಷ್ಟಕ್ಕೆ ಸಿಕ್ಕುತ್ತಾನೆ. 1937ರಲ್ಲಿ, ಆಗ ವಿಶಾಖಪಟ್ಟಣ ಜಿಲ್ಲೆಯಲ್ಲಿದ್ದ ಬೊಬ್ಬಿಲಿಯಲ್ಲಿ, ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿದ್ದ ಬೊಬ್ಬಿಲಿ ರಾಜರು ವಿ.ವಿ. ಗಿರಿಯವರೆದುರು ಸೋತಿದ್ದನ್ನು ನೋಡುಗರು ಮರೆತಿರಲಾರರು. 1937–38ರಲ್ಲಿ ಇಚ್ಛಾಪುರದಿಂದ ದಕ್ಷಿಣಕ್ಕೆ ರೈತರ ಜಾಥಾ ಹೊರಟಿತ್ತು, ಟಿ. ಪ್ರಕಾಶಂ ಸಮಿತಿ 1938ರಲ್ಲಿ ಜಮೀನ್ದಾರಿ ಕುರಿತು ವರದಿ ಕೊಟ್ಟಿತ್ತು. ಜಮೀನ್ದಾರರು ಚಿತ್ರದ ವಿರುದ್ಧ ತಿರುಗಿಬಿದ್ದದ್ದು, ಕೆಲವೆಡೆ ಪ್ರದರ್ಶನಕ್ಕೆ ನಿಷೇಧ ಬಂದದ್ದು ಈ ಹಿನ್ನೆಲೆಯಲ್ಲಿ ಸಹಜವೇ.

ಕನ್ನಡಿಗರಿಗೆ ಇಲ್ಲೊಂದು ಸ್ವಂತದ ಎಳೆಯಿದೆ. ನರಸಿರೆಡ್ಡಿಯಾದವರು ಬಳ್ಳಾರಿ ರಾಘವ. ದುರ್ಯೋಧನ, ಹಿರಣ್ಯಕಶಿಪುವಿನಂಥ ಪಾತ್ರಗಳಿಂದ ರಂಗಭೂಮಿಯಲ್ಲಿ ಹೆಸರಾದ ಈ ವಕೀಲ–ನಟನಿಗೆ ಇಲ್ಲಿ ಸಾಲಗಾರ ರೈತನ ವೇಷ. ಸಿಂಹಾಸನದ ಗತ್ತನ್ನು ಹೊಲದವನಿಗೆ ವರ್ಗಾಯಿಸಿದ ಈ ಆಯ್ಕೆ, ನನ್ನ ದೃಷ್ಟಿಯಲ್ಲಿ, ಚಿತ್ರದ ಯಾವ ಭಾಷಣಕ್ಕಿಂತಲೂ ಹರಿತವಾದ ಪ್ರಚಾರ. ಕೊಸರಾಜು ಅವರ ಜಾನಪದ ಧಾಟಿಯ ಹಾಡುಗಳು, ಚಲ್ಲಪಲ್ಲಿಗೆ ಸಮೀಪದ ಕೂಚಿಪೂಡಿಯ ವೇದಾಂತಂ ರಾಘವಯ್ಯನವರ ದಶಾವತಾರ ನೃತ್ಯ ಕೂಡ ಹಳ್ಳಿಗರಿಗೆ ಪರಿಚಿತವಾದ ಆಟದ ರೂಪದಲ್ಲೇ ರಾಜಕೀಯವನ್ನು ಬಡಿಸುತ್ತವೆ.

ಹಾಗಾದರೆ ಹಣ ಹಾಕಿದವರ ಗುರುತು ಎಲ್ಲಿ? ಅದನ್ನು ಕೊನೆಯಲ್ಲಿ ಹುಡುಕಬೇಕು. ಜಮೀನ್ದಾರರ ಮನಸ್ಸು ಕರಗುತ್ತದೆ, ವ್ಯವಸ್ಥೆ ಕದಲುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಿತಿ ಮತಪೆಟ್ಟಿಗೆಯಲ್ಲೇ ಇದೆ. 1937ರ ಮತದಾನ ಆಸ್ತಿ, ತೆರಿಗೆ, ವಿದ್ಯೆಯ ಅರ್ಹತೆಗೆ ಕಟ್ಟುಬಿದ್ದಿತ್ತು. ಕೈಯಲ್ಲಿ ಚೂರು ನೆಲವಿದ್ದವನು ಮತ ನಿರಾಕರಿಸಿ ನಾಯಕನಾಗಬಲ್ಲ. ನೆಲವಿಲ್ಲದ ಕೂಲಿಗೆ ನಿರಾಕರಿಸಲು ಮತವೇ ಇರಲಿಲ್ಲ. ಇದೇ ಸಂಸ್ಥೆಗೆ ಇದೇ ನಿರ್ದೇಶಕರು 1938ರಲ್ಲಿ ಮಾಡಿದ ‘ಮಾಲಪಿಲ್ಲ’ದ ವಸ್ತು ಅಸ್ಪೃಶ್ಯತೆ ಮತ್ತು ದೇಗುಲ ಪ್ರವೇಶ. ಕೇರಿಯವರಿಗೆ ಒಂದು ಚಿತ್ರದಲ್ಲಿ ಗುಡಿಯ ಬಾಗಿಲು ಸಿಕ್ಕಿತು. ನೆಲದ ಪ್ರಶ್ನೆ ಮರುವರ್ಷ ಇನ್ನೊಂದು ಚಿತ್ರದಲ್ಲಿ, ಹಿಡುವಳಿದಾರನ ಹೆಸರಿನಲ್ಲಿ ಬಂತು.