ಎಪ್ಸಿಲಾನ್ ಅಲೆ: ಬಲ ಹೃತ್ಕುಕ್ಷಿಯ ಕಾಯಿಲೆಗೆ ಇಸಿಜಿ ನೀಡುವ ಸುಳಿವು

ಆರೋಗ್ಯವಂತರಂತೆ ಕಾಣುವ ತರುಣ ಕ್ರೀಡಾಪಟುಗಳ ಹಠಾತ್ ಸಾವಿಗೆ ಕಾರಣವಾಗುವ ಅಪರೂಪದ ಹೃದಯ ಸ್ನಾಯು ಕಾಯಿಲೆಗಳಲ್ಲಿ ಎಆರ್‌ವಿಸಿ ಒಂದು. 'ಅರಿದ್‌ಮೋಜೆನಿಕ್ ರೈಟ್ ವೆಂಟ್ರಿಕ್ಯುಲಾರ್ ಕಾರ್ಡಿಯೋಮಯೋಪತಿ' ಎಂಬುದು ಇದರ ಪೂರ್ಣ ಹೆಸರು. ಸುಮಾರು 2,000ದಿಂದ 5,000 ಜನರಲ್ಲಿ ಒಬ್ಬರಿಗೆ ಇದು ಇರಬಹುದೆಂಬುದು ತಜ್ಞರ ಅಂದಾಜು.

ಹೃದಯದ ಸ್ನಾಯುಕೋಶಗಳನ್ನು ಪರಸ್ಪರ ಬೆಸೆಯುವ ಪ್ರೋಟೀನುಗಳ ವಂಶವಾಹಿಗಳಲ್ಲಿನ ದೋಷವೇ ಈ ಕಾಯಿಲೆಯ ಮುಖ್ಯ ಮೂಲ. ಬೆಸುಗೆ ಸಡಿಲಗೊಂಡ ಕೋಶಗಳು ಕ್ರಮೇಣ ನಶಿಸುತ್ತವೆ. ಆ ಜಾಗವನ್ನು ಕೊಬ್ಬು ಹಾಗೂ ನಾರಿನ ಅಂಗಾಂಶ ಆಕ್ರಮಿಸುತ್ತದೆ. ಶ್ವಾಸಕೋಶಗಳಿಗೆ ರಕ್ತ ತಳ್ಳುವ ಬಲ ಹೃತ್ಕುಕ್ಷಿಯಲ್ಲಿ ಈ ಹಾನಿ ಹೆಚ್ಚು. ಅಲ್ಲಿ ವಿದ್ಯುತ್ ಸಂಕೇತ ನಿಧಾನವಾಗಿ ಸಾಗುವುದರಿಂದ ಇಸಿಜಿಯಲ್ಲಿ ಕೆಲವು ಗುರುತುಗಳು ಮೂಡುತ್ತವೆ. 1982ರಲ್ಲಿ ಫ್ರಾಂಕ್ ಮಾರ್ಕಸ್, ಗೀ ಫಾಂಟೇನ್ ಮತ್ತು ಸಂಗಡಿಗರು 24 ವಯಸ್ಕ ರೋಗಿಗಳ ವಿವರ ಪ್ರಕಟಿಸಿದ ಬಳಿಕ ಈ ಕಾಯಿಲೆ ವೈದ್ಯಲೋಕದ ಗಮನ ಸೆಳೆಯಿತು.

ಪ್ರಮುಖ ಗುರುತುಗಳು

* ಟಿ ಅಲೆ ತಲೆಕೆಳಗಾಗುವುದು: ಎದೆಯ ಮೇಲಿನ ವಿ1, ವಿ2, ವಿ3 ದಾಖಲೆಗಳಲ್ಲಿ ಇದು ಕಾಣುತ್ತದೆ. ಮಕ್ಕಳಲ್ಲಿ ಇದು ಸಹಜವಾದ್ದರಿಂದ 14 ವರ್ಷ ದಾಟಿದವರಲ್ಲಿ ಮಾತ್ರ ಮಹತ್ವದ್ದು.

* ಎಪ್ಸಿಲಾನ್ ಅಲೆ: ಕ್ಯುಆರ್‌ಎಸ್ ಮುಗಿದ ನಂತರ, ಟಿ ಅಲೆಗೆ ಮುನ್ನ ಕಾಣುವ ಪುಟ್ಟ ಏರಿಳಿತ. ಕ್ಯುಆರ್‌ಎಸ್ ಆರಂಭದಲ್ಲಿ ಕಾಣುವ 'ಡೆಲ್ಟಾ' ಅಲೆಯ ನಂತರದ ಗ್ರೀಕ್ ಅಕ್ಷರವನ್ನೇ ಫಾಂಟೇನ್ ಇದಕ್ಕಿಟ್ಟರು.

* ಅತಿವೇಗದ ಬಡಿತ: ವೆಂಟ್ರಿಕ್ಯುಲಾರ್ ಟ್ಯಾಕಿಕಾರ್ಡಿಯ ಎಂಬ ಈ ಬಡಿತ ಬಲ ಹೃತ್ಕುಕ್ಷಿಯಲ್ಲಿ ಹುಟ್ಟಿ ಎಡಭಾಗವನ್ನು ತಡವಾಗಿ ತಲುಪುತ್ತದೆ. ಪ್ರಾಣಾಪಾಯ ತರುವುದು ಇದೇ.

ಎಪ್ಸಿಲಾನ್ ಅಲೆಯನ್ನು 2010ರ ಅಂತರರಾಷ್ಟ್ರೀಯ ಮಾನದಂಡ ಪ್ರಧಾನ ಲಕ್ಷಣವೆಂದು ಪರಿಗಣಿಸಿತ್ತು. ಅದನ್ನು ಗುರುತಿಸುವಲ್ಲಿ ವೈದ್ಯರಲ್ಲೇ ಭಿನ್ನಾಭಿಪ್ರಾಯ ಬರುವುದರಿಂದ 2020ರ ಪಡುವಾ ಮಾನದಂಡ ಅದನ್ನು ಗೌಣ ಲಕ್ಷಣವಾಗಿಸಿತು. ಇಸಿಜಿಯೊಂದರಿಂದಲೇ ರೋಗ ನಿರ್ಣಯ ಸಾಧ್ಯವಿಲ್ಲ. ಆರಂಭದಲ್ಲಿ ಅದು ಸಹಜವಾಗಿಯೂ ಇರಬಹುದು. ಎಕೋ, ಎಂಆರ್‌ಐ, ವಂಶವಾಹಿ ಪರೀಕ್ಷೆ ಹಾಗೂ ಕುಟುಂಬದ ಚರಿತ್ರೆಯನ್ನು ಜೊತೆಗೂಡಿಸಿ ನೋಡಬೇಕಾಗುತ್ತದೆ.

ಇಟಲಿಯ ನಿದರ್ಶನ

ಸ್ಪರ್ಧಾತ್ಮಕ ಕ್ರೀಡಾಪಟುಗಳಿಗೆ ಇಸಿಜಿ ಸಹಿತ ತಪಾಸಣೆಯನ್ನು ಇಟಲಿ 1982ರಲ್ಲಿ ಜಾರಿಗೆ ತಂದಿತು. ಅಲ್ಲಿನ ವೆನೆಟೋ ಪ್ರಾಂತ್ಯದಲ್ಲಿ ತರುಣ ಕ್ರೀಡಾಪಟುಗಳ ಹಠಾತ್ ಸಾವಿನ ಪ್ರಮಾಣ 1979-80ರಲ್ಲಿ ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು 2003-04ರ ವೇಳೆಗೆ 0.4ಕ್ಕೆ ಇಳಿಯಿತೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಕಠಿಣ ವ್ಯಾಯಾಮ ಈ ಕಾಯಿಲೆಯನ್ನು ಉಲ್ಬಣಗೊಳಿಸುತ್ತದೆ. ರೋಗ ಖಚಿತವಾದವರು ಸ್ಪರ್ಧಾತ್ಮಕ ಕ್ರೀಡೆಯಿಂದ ದೂರವಿರಬೇಕು; ಅಪಾಯ ಹೆಚ್ಚಿರುವವರಿಗೆ ಐಸಿಡಿ ಸಾಧನ ಅಳವಡಿಸಲಾಗುತ್ತದೆ. ರೋಗಿಯ ತಂದೆ-ತಾಯಿ, ಒಡಹುಟ್ಟಿದವರು ಹಾಗೂ ಮಕ್ಕಳ ತಪಾಸಣೆಯೂ ಅಗತ್ಯ. ಓಡುವಾಗ, ಆಡುವಾಗ ಪ್ರಜ್ಞೆ ತಪ್ಪಿದ್ದರೆ ಅಥವಾ ಕುಟುಂಬದಲ್ಲಿ ಕಿರಿವಯಸ್ಸಿನ ಹಠಾತ್ ಸಾವು ಸಂಭವಿಸಿದ್ದರೆ ಅದನ್ನು ಬರಿಯ ಸುಸ್ತೆಂದೋ ವಿಧಿಯೆಂದೋ ಕಡೆಗಣಿಸದೆ ಹೃದ್ರೋಗ ತಜ್ಞರನ್ನು ಕಾಣುವುದು ಒಳಿತು.